ಜೋಡು ಸುಳಿ

ನೇಸರಗಿ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮೀನಾಳ ಪಕ್ಕದ ಕಲ್ಲುಬೆಂಚಿನ ಮೇಲೆ ಶಟ್ಟೆಪ್ಪ, ಬಾಯವ್ವ ಎಂಬ ಗಂಡ ಹೆಂಡತಿ ಕುಳಿತಿದ್ದರು. ಬೈಲಹೊಂಗಲದಲ್ಲಿ ನೋಡಿ ಬಂದಿದ್ದ ಎತ್ತನ್ನು ಕೊಂಡು ತರಲು ಹೊರಟವರು. ಎತ್ತು ಗಂಡನ ಮನಸ್ಸಿಗೆ ಬಂದಿತ್ತು. ಅದರ ಹಣೆಯ ಕೂದಲಲ್ಲಿದ್ದ ಜೋಡು ಸುಳಿ ಹೆಂಡತಿಯ ಮನಸ್ಸಿಗೆ ಬಂದಿರಲಿಲ್ಲ. ಇಷ್ಟು ಮೀನಾಳಿಗೆ ಯಾರೂ ಹೇಳದೆಯೇ, ಅವರ ಮಾತು ಕಿವಿಗೆ ಬಿದ್ದೇ ತಿಳಿಯಿತು.

“ಫೋನಿನ್ಯಾಗ ನೋಡೇನಿ. ಜೋಡ ಸುಳಿ ಭಾಳ ಚಲೋ ಅಂತ,” ಎಂದ ಶಟ್ಟೆಪ್ಪ.

“ಯಾರಂದ್ರು?”

“ಯಾರೋ ಶಾಣ್ಯಾ ಮನಷ್ಯಾ.”

“ನಿನ್ನಿ ಒಬ್ಬಾಂವ ಮನೀಗೆ ಕೇಡು ಅಂತ ಒದರತಿದ್ನಲ್ಲ?”

“ಅಂವಗ ಎತ್ತಿನ ಬಗ್ಗೆ ಏನ ಗೊತ್ತೈತಿ? ಅರ್ಧಕ್ಕ ಬಂದ್ ಮಾಡಿದ್ನಿ.”

“ಮೊನ್ನಿನಾಂವ?”

“ಅಂವನೂ ಹಂಗ.”

“ಮತ್ತ ಈ ಶಾಣ್ಯಾಂವಗ ಎಲ್ಲಾ ಗೊತ್ತೈತಿ ಅಂತ ನಿಮಗ ಹೆಂಗ ತಿಳೀತು?”

“ನಾ ಅನಕೊಂಡಿದ್ದನ್ನ ಅಂದ್ನಲ್ಲ!”

ಮೀನಾ ಸೆರಗಿನ ಮರೆಯಲ್ಲಿ ನಕ್ಕಳು.

“ನನ್ನ ನೋಡಾಕ ಬಂದಾಗ ನನ್ನ ಹಣೀ ಸುಳಿನೂ ಕೆಟ್ಟದ್ದಂತ ನಿಮ್ಮೂರ ಸ್ವಾಮ್ಯಾರು ಅಂದಿದ್ರಲ್ಲ. ಆವಾಗ ಫೋನ್ ಎಲ್ಲಿತ್ತು?” ಎಂದಳು ಬಾಯವ್ವ.

“ಇರಲಿಲ್ಲ. ಅದಕ್ಕ ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಾ ತಿರುಗಿದ್ನಿ.”

“ಯಾಕ?”

“ಚಲೋ ಐತಿ ಅನ್ನೋ ಸ್ವಾಮ್ಯಾರು ಸಿಗೂತನಕ.”

ಬೈಲಹೊಂಗಲದ ಬಸ್ಸು ಬಂತು. ಬಾಯವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದಳು.

“ಏಳ್ರಿ ಜಲ್ದಿ. ಆ ಎತ್ತ ಯಾರರೆ ಹೊಡಕೊಂಡ ಹೋದಾರು.”