ಎಡತೋಳಿನ ಸೊಟ್ಟ ಹೊಲಿಗೆ

"ಹಲೋ... ಹಾಂ, ಹಿಸಾಯೊನೇ. ಯಾರು ಮಾತಾಡ್ತಿರೋದು?"

...

"ಓ, ಮುರೋತಾನಿ ಸಾನ್. ಕಿಮೋನೊ ತಲುಪ್ತಾ?... ವಾಸನೆ ಏನಾದ್ರೂ ಬರ್ತಿದ್ಯಾ? ಹಳೇ ಪೆಟ್ಟಿಗೆ ವಾಸನೆ ಇರುತ್ತೆ ಅಂತ ಮೊದ್ಲೇ ಬರ್ದಿದ್ದೆ, ಅಲ್ವಾ?"

ಕೊಂಡವರು ಫೋನು ಮಾಡಿದರೆ ತಕರಾರೇ ಎಂಬುದನ್ನು ಹಿಸಾಯೊ ಹನ್ನೊಂದು ವರ್ಷಗಳಲ್ಲಿ ಕಲಿತಿದ್ದಳು. ತೋಯಾಮಾ ನಗರದಲ್ಲಿ ಯಾರಾದರೂ ಮನೆ ಖಾಲಿ ಮಾಡಿದರೆ ಹಳೆಯ ಕಿಮೋನೊಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು, ಒಪ್ಪ ಮಾಡಿ, ಆನ್‌ಲೈನ್ ಹರಾಜಿನಲ್ಲಿ ಒಂದೊಂದಾಗಿ ಮಾರುವುದು ಅವಳ ಕಸುಬು. ಲಾಭ ಹೊಟ್ಟೆಬಟ್ಟೆಗೆ ಸಾಲುವಷ್ಟು. ಕೆಲಸ ಮಾತ್ರ ಅಚ್ಚುಕಟ್ಟು. ಅದರ ಬಗ್ಗೆ ಅವಳಿಗೆ ತುಸು ಜಂಭವೂ ಇತ್ತೆನ್ನಿ.

...

"ವಾಸನೆ ಅಲ್ವಾ? ಮತ್ತೇನು?... ದಾರಾನಾ? ಅಂಚಿನ ಕಚ್ಚಾ ಹೊಲಿಗೇದಾ? ಅದನ್ನ ನಾನೇ ಬಿಚ್ಚಿದೆ."

...

"ಇಲ್ಲ ಇಲ್ಲ, ಯಾರೂ ಉಟ್ಟಿಲ್ಲ."

ಹೊಸ ಕಿಮೋನೊದ ಅಂಚಿನ ಬಿಳಿ ಕಚ್ಚಾ ಹೊಲಿಗೆಯನ್ನು ಉಡುವ ದಿನವೇ ಬಿಚ್ಚುವುದು ವಾಡಿಕೆ. ದಾರ ಇದ್ದರೆ ಮೈಗೆ ಸೋಕದ್ದು ಎಂದರ್ಥ, ಎರಡು ಕಾಸು ಹೆಚ್ಚು ಹುಟ್ಟುತ್ತದೆ. ಹದಿನೈದನೇ ತಾರೀಕಿನೊಳಗೆ ಬೇಕೆಂದು ಈ ಮುರೋತಾನಿ ಬರೆಸಿದ್ದರಿಂದ, ಯಾವುದೋ ಮದುವೆಗೆ ಉಡಲಿಕ್ಕಿರಬೇಕು, ಬಿಚ್ಚುವ ಕಷ್ಟ ತಪ್ಪಲಿ ಎಂದು ತಾನೇ ಬಿಚ್ಚಿ ಕಳಿಸಿದೆ ಎಂದು ಹಿಸಾಯೊ ವಿವರಿಸಿದಳು.

...

"ಎಡತೋಳಿಂದಾ? ಹಾಂ, ಅಲ್ಲಿ ಸೊಟ್ಟಗಿತ್ತು. ಉಳಿದಿದ್ದೆಲ್ಲ ಮುತ್ತು ಪೋಣಿಸಿದ ಹಾಗೆ, ಅಲ್ಲೊಂದು ಕಡೆ ಕೋಳಿ ಕೆದಕಿದ ಹಾಗೆ. ದೋಷ ಅಂತ ಫೋಟೋ ಹಾಕಿ ಬರ್ದಿದ್ನಲ್ಲ..."

...

"ಯಾರು ಹಾಕಿದ್ದು?... ಮಗಳಾ?"

...

"ಹತ್ತು ವರ್ಷದವಳಾ... ನೀವು ಹೊಲೀತಿದ್ದಾಗ ಪಕ್ಕ ಕೂತು... ಇಪ್ಪತ್ತು ತುಂಬಿದಾಗ ತಾನೇ ಉಡೋದಕ್ಕೆ..."

...

"ತುಂಬ್ಲಿಲ್ವಾ?"



...

"ಹದಿನೈದು ಅಂದ್ರೆ ಅವಳು ಹೋದ ದಿನಾನಾ... ನಾಳೆ..."

...

"ನೀವು ವೃದ್ಧಾಶ್ರಮ ಸೇರಿದ್ಮೇಲೆ ಅಣ್ಣನ ಮಗ ಪೆಟ್ಟಿಗೆ ಸಮೇತ ನಂಗೆ ಮಾರ್ಬಿಟ್ನಾ? ನಿಮ್ಗೆ ಹೇಳ್ದೇನೇ?... ಅಲ್ಲಿಯ ನರ್ಸಮ್ಮ ಫೋಟೋ ತೋರ್ಸಿದಾಗ, ಆ ಸೊಟ್ಟ ಹೊಲಿಗೆ ನೋಡಿ ಗುರುತು ಹಿಡಿದ್ರಾ."

ತಾನು ದೋಷವೆಂದು ಬರೆದದ್ದಕ್ಕೇ ಆಕೆ ಹರಾಜು ಕೂಗಿಸಿದ್ದಳು. ಬಿಚ್ಚಿದ ದಾರ ಮಂಗಳವಾರದ ಕಸದ ಗಾಡಿಯಲ್ಲಿ ಹೋಗಿ ಬೂದಿಯಾಗಿತ್ತು. ಇಟ್ಟಿದ್ದೇನೆ, ಹುಡುಕಿ ಕಳಿಸುತ್ತೇನೆ ಎಂದುಬಿಡಲು ಒಂದು ಕ್ಷಣ ಮನಸ್ಸಾಯಿತು. ಆದರೆ ಇದ್ದದ್ದನ್ನೇ ಹೇಳಿದಳು. ಹಣ ವಾಪಸು ಕೊಡುತ್ತೇನೆಂದೂ ಹೇಳಿದಳು, ಆಕೆಗೆ ಬೇಡವಂತೆ.

"ಮುರೋತಾನಿ ಸಾನ್, ಪಕ್ಕ ಕಿಟಕಿ ಇದ್ಯಾ? ತೋಳಿನ ಅಂಚನ್ನ ಬೆಳಕಿಗೆ ಹಿಡೀರಿ. ದಾರ ಇಲ್ದಿದ್ರೂ ರೇಷ್ಮೇಲಿ ಸೂಜಿ ತೂತು ಉಳಿದಿರುತ್ತೆ."

...

"ಸರಿಯಾಗಿ ನೋಡಿ... ಒಂದೂ ಕಾಣಲ್ವಾ?"

ಆಗ ಅವಳಿಗೆ ನೆನಪಾಯಿತು.

"ಕಾಣಲ್ಲ. ನಾನೇ ಉಗಿ ಹಿಡ್ದು ತೂತೆಲ್ಲ ಮುಚ್ಚಿದ್ದೆ, ನೀಟಾಗಿರ್ಲಿ ಅಂತ. ತಪ್ಪಾಯ್ತು, ತುಂಬಾ ತಪ್ಪಾಯ್ತು."

...

"ಫೋಟೋ ಇದೆ. ನರ್ಸಮ್ಮನ ಫೋನಿಗೆ ಕಳಿಸ್ಲಾ?... ಅವ್ರು ನಾಳೇನೂ ರಜಾನಾ? ಹಾಗಾದ್ರೆ ದೊಡ್ಡದು ಮಾಡ್ಸಿ ಅಂಚೇಲಿ ಕಳಿಸ್ತೀನಿ. ಆದ್ರೆ ನಾಳೆಗೆ ತಲುಪಲ್ಲ..."

...

"ಈಗ್ಲೇನಾ? ಒಂದೊಂದು ಹೊಲಿಗೆ ಹೇಗಿದೆ ಅಂತ ಫೋನಲ್ಲೇ ಹೇಳ್ಬೇಕಾ?... ಆಶ್ರಮದ ಕಾರ್ಡ್ ಫೋನಾ? ಕಾರ್ಡಲ್ಲಿ ದುಡ್ಡು ಎಷ್ಟು ಉಳಿದಿದೆ?... ಇರಿ, ತೆಗೀತೀನಿ."

ಕಂಪ್ಯೂಟರಿನ ಪರದೆಯ ತುಂಬ ಎಡತೋಳಿನ ಅಂಚು ಬಂತು. ಅವಳು ಬೆರಳಿಟ್ಟು ಶುರು ಮಾಡಿದಳು.

"ಒಂದು, ಇದು ಉದ್ದ. ಎರಡು, ಚಿಕ್ಕದು. ಮೂರು... ಇಲ್ಲೊಂದು ಗಂಟಿದೆ. ನೀವು ಹಾಕಿಕೊಟ್ಟಿದ್ದಾ?"

...

"ಅವಳೇನಾ? ಗಟ್ಟಿಯಾಗಿ ಹಾಕಿದ್ಳು ನೋಡಿ, ಬಿಚ್ಚೋಕೆ ನಂಗೆ ಕತ್ತರೀನೇ ಬೇಕಾಯ್ತು."

...

"ಅಳಿ, ಪರವಾಗಿಲ್ಲ. ನಾನು ಹೇಳ್ತಾ ಇರ್ತೀನಿ. ನಾಲ್ಕು. ಐದು, ಇದು ಪೂರ್ತಿ ಪಕ್ಕಕ್ಕೆ ಓಡಿದೆ. ಆರು... ಹಲೋ?... ಮುರೋತಾನಿ ಸಾನ್?... ಕೇಳಿಸ್ತಿದ್ಯಾ?"

ಕಾರ್ಡು ಮುಗಿದು ಲೈನು ಕಟ್ಟಾಗಿತ್ತು. ಇನ್ನೂ ಹನ್ನೊಂದು ಹೊಲಿಗೆ ಉಳಿದಿದ್ದವು. ಹಿಸಾಯೊ ಫೋನು ಕೆಳಗಿಡದೆ ಅವನ್ನೂ ಒಂದೊಂದಾಗಿ ಗಟ್ಟಿಯಾಗಿ ಹೇಳಿದಳು.