ದನ ಕಾಯುವ ಕೆಲಸ

ಹ್ಯೂಸ್ಟನ್ನಿನ ದನ-ಕುದುರೆಗಳ ಜಾತ್ರೆ ರೋಡಿಯೊದ ಸಾಲಿನಲ್ಲಿ ನನ್ನ ಮುಂದೆ ಹೊಸ ಕೌಬಾಯ್ ಟೋಪಿಯ ಹಿರಿಯರೊಬ್ಬರೂ ಅವರ ನೆರೆಮನೆಯ ಹುಡುಗಿಯೂ ನಿಂತಿದ್ದರು.

"ಸಿದ್ರಾಮಪ್ಪ ಅಂಕಲ್, ಇವತ್ತು ಹಾಡೋ ಸಿಂಗರ್ ನಿಜವಾಗ್ಲೂ ನಿಮ್ಮ ರೆಸ್ಟೋರೆಂಟಲ್ಲಿ ಹಾಡ್ತಿದ್ರಾ?"

"ಹೌದವಾ, ಫಾರ್ಮರ್ಸ್ ಬ್ರಾಂಚ್ ಅನ್ನೂ ಊರಾಗ, ಪ್ರತಿ ಶನಿವಾರ. ಆಗ ಅಂವನ್ನ ಯಾರು ಕೇಳ್ತಿದ್ರು? ಹಾಡಿ, ನಿಮ್ಮ ಆಂಟಿ ಬಡಿದ ರೊಟ್ಟಿ ಉಂಡು ಹೋಗ್ತಿದ್ದ."

"ಆಗಲೂ ಬೂಟು, ಟೋಪಿ ಎಲ್ಲಾ ಇತ್ತಾ?"

"ಇದ್ವು. ದನಾ, ಕುದರಿ ಮಾತ್ರ ಇರಲಿಲ್ಲ. ಹಗಲೆಲ್ಲಾ ಟೈರ್ ಅಂಗಡ್ಯಾಗ ದುಡೀತಿದ್ದ. ಒಂದ ದಿನ ನಮ್ಮ ಮಗ ಶಶಿಗೆ, ಓದಲಿಲ್ಲಂದ್ರ ದನಾ ಕಾಯಾಕ ಹೋಗ್ತಿ ಅಂತ ಬೈದೆ. ಶಶಿ ಅದನ್ನ ಅಂವಗ ಇಂಗ್ಲಿಷ್‌ನಾಗ ಹೇಳಿದ."

"ಅದಕ್ಕೆ?"

"ನಾನೂ ಓದಿಲ್ಲ ಅಂಕಲ್, ನನಗ ಯಾವಾಗ ಸಿಗ್ತಾವು ದನಾ ಅಂತ ಕೇಳಿದ."

"ಸಿಕ್ಕಿದ್ವಾ?"

"ಈಗ ಆಸ್ಟಿನ್ ಕಡೆ ಇನ್ನೂರು ಅದಾವಂತ. ಹಾಡಿಲ್ಲದ ದಿನ ತಾನ ಕಾಯ್ತಾನಂತ."

"ಮತ್ತೆ ನಿಮ್ಮ ಮಗ ಯಾಕೆ ಟಿಕೆಟ್ ನಂಗೆ ಕೊಟ್ಬಿಟ್ರು?"

ಗೇಟು ತೆರೆಯಿತು. ಸಿದ್ರಾಮಪ್ಪ ಟೋಪಿ ಸರಿಮಾಡಿಕೊಂಡು ಮುಂದೆ ನಡೆದರು.

"ಅಂವಾ ನನ್ನ ಮಾತು ಕೇಳಿ ಓದಿದ ನೋಡವಾ. ಇವತ್ತ ಮೀಟಿಂಗ್ ಐತಂತ."