ಬೇರೆ ಕಟ್ಟಿದ ಎತ್ತು

ಹನೂರು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಪುಷ್ಪಳ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಬಂಡಳ್ಳಿಯ ಗುರುಸಿದ್ದಯ್ಯ ತಮಿಳುನಾಡಿನಿಂದ ಎತ್ತು ತಂದಿದ್ದ. ಅವನ ನೆರೆಮನೆಯ ಮಾದಯ್ಯ ಮಾದೇಶ್ವರನ ಬೆಟ್ಟದಿಂದ ಆಗಷ್ಟೇ ಇಳಿದು ಬಂದು ಅವನ ಪಕ್ಕ ಕೂತಿದ್ದ.

“ಎತ್ತ ಗಡೀಲಿ ಬುಟ್ರಾ?” ಮಾದಯ್ಯ ಕೇಳಿದ.

“ಬುಡ್ದೆ ಏನ್ಲಾ? ಕಾಲುಬಾಯಿ ಜ್ವರದ ಸೂಜಿ ಆಕ್ಸಿವ್ನಿ, ಕಿವಿಗೆ ನಂಬರಿನ ವಾಲೆ ಅದೆ.”

“ಆದ್ರೂ ಒಸಿ ದಿನ ಬ್ಯಾರೆ ಕಟ್ಬೇಕಂತಲ್ಲ, ರೋಗ ಅಂಟ್ಬಾರ್ದು ಅಂತ?”

“ಡಾಕ್ಟ್ರೂ ಅದ್ನೇ ಯೋಳುದ್ರು. ‘ನಿಮ್ಮ ದನಗಳ ಜೊತೆ ಸೇರಿಸ್ಬೇಡಿ’ ಅಂದ್ರು. ಬಂದ ದಿನ್ವೇ ಬ್ಯಾರೆ ಕಟ್ಬುಟ್ಟೆ.”

“ಎಲ್ಲಿ?”

“ನಿನ್ ಕೊಟ್ಗೇಲಿ ಕಣ್ಲಾ.”

“ಅಯ್ಯೋ, ಅಲ್ಲಿ ನನ್ ಅಸ ಅದಲ್ಲೋ!”

“ಇರ್ಲಿ ಬುಡು. ನಿನ್ ಅಸೀನ ಮಾತ ಡಾಕ್ಟ್ರು ಎತ್ಲೇ ಇಲ್ಲ.”

ಮಾದಯ್ಯ ಬಸ್ಸಿಗೂ ಕಾಯದೆ ಆಟೋದತ್ತ ಓಡಿದ. ಗುರುಸಿದ್ದಯ್ಯ ಪಂಚೆ ಕೊಡವಿ ಎದ್ದ.

“ತಡಿಯಲಾ, ನಾನೂ ಬತ್ತೀನಿ. ನಿನ್ ಅಸೀನ ಬಾನಿಗೆ ನೀರು ತುಂಬ್ಬೇಕು, ಎತ್ತು ಬಾಯಾರ್ಕಂಡಿರ್ತದೆ.”